ಹಳೇ ಬಾಕಿ

ಅಮೆರಿಕದಲ್ಲಿ ಕಾಲೇಜು ಓದಿದ್ದಕ್ಕೆ ಸಾಕ್ಷಿ ಹೇಳುವ ಕಾಗದಕ್ಕೆ ಟ್ರಾನ್ಸ್‌ಕ್ರಿಪ್ಟ್ ಎನ್ನುತ್ತಾರೆ. ನಮ್ಮ ಮಾರ್ಕ್ಸ್ ಕಾರ್ಡಿನ ದೊಡ್ಡಣ್ಣ ಅನ್ನಬಹುದು. ಯಾವ ಸೆಮಿಸ್ಟರಿನಲ್ಲಿ ಏನು ಓದಿದೆ, ಎಷ್ಟು ಕ್ರೆಡಿಟ್ ಬಂತು, ಯಾವ ದರ್ಜೆ ಸಿಕ್ಕಿತು ಎಲ್ಲವೂ ಅದರಲ್ಲಿರುತ್ತದೆ. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಬೇಕಾದರೆ ಅದು ಬೇಕು. ಮನೆಯ ಕಪಾಟಿನಲ್ಲಿ ಇಟ್ಟುಕೊಂಡ ಪ್ರತಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹಳೆಯ ಕಾಲೇಜೇ ಹೊಸ ಕಾಲೇಜಿಗೆ ನೇರವಾಗಿ ಕಳಿಸಬೇಕು. ಫೀಸಿನ ಬಾಕಿ ಇದ್ದರೆ ಕಳಿಸುವುದಿಲ್ಲ ಎಂಬುದು ಬಹುಕಾಲ ಇಲ್ಲಿನ ಕಾಲೇಜುಗಳ ವಾಡಿಕೆ.

ನನಗೆ ಇದು ತಿಳಿದದ್ದು ಜೊತೆಯಲ್ಲಿ ಕೆಲಸ ಮಾಡುವ ಒಬ್ಬಾಕೆಯಿಂದ. ಹದಿನೈದು ವರ್ಷದ ಹಿಂದೆ ಆಕೆ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಮೂರು ಸೆಮಿಸ್ಟರ್ ಮುಗಿಸಿ ನಾಲ್ಕನೆಯದರ ನಡುವೆ ಬಿಟ್ಟಳು. ತಾಯಿಗೆ ಪಾರ್ಶ್ವವಾಯು ಹೊಡೆದಿತ್ತು. ನರ್ಸಿಂಗಿಗೆ ಸೇರಬೇಕೆಂದು ಮತ್ತೆ ಮತ್ತೆ ಪ್ರಯತ್ನಿಸಿದಾಗಲೆಲ್ಲ 900 ಡಾಲರಿನ ಹಳೇ ಬಾಕಿ ಅಡ್ಡ ಬರುತ್ತಿತ್ತು. "ನಾನು ಸಾಲವನ್ನೇ ಮಾಡಿರಲಿಲ್ಲವಲ್ಲ" ಎನ್ನುತ್ತಿದ್ದಳು. ಹಾಗಾದರೆ ಈ ಬಾಕಿ ಹುಟ್ಟಿದ್ದು ಎಲ್ಲಿ ಎಂದು ಹುಡುಕಹೊರಟು ನಾನು ಸಾಕಷ್ಟು ಹಿಂದಕ್ಕೆ ಹೋಗಬೇಕಾಯಿತು.

ಹದಿನೇಳನೆಯ ಶತಮಾನದ ಹಾರ್ವರ್ಡಿನಲ್ಲಿ ಫೀಸನ್ನು ಗೋಧಿ, ಮಾಲ್ಟು, ಮಾಂಸದ ರೂಪದಲ್ಲೂ ಕಟ್ಟುತ್ತಿದ್ದರು. ಕಾಲೇಜಿನ ಉಗ್ರಾಣದವನ ಲೆಕ್ಕದ ಪುಸ್ತಕಗಳಲ್ಲಿ ಅದೆಲ್ಲ ದಾಖಲಾಗಿದೆ. 1643ರಲ್ಲೇ ಆನ್ ರ‍್ಯಾಡ್‌ಕ್ಲಿಫ್ ಎಂಬ ಇಂಗ್ಲೆಂಡಿನ ಹೆಂಗಸು ಬಡ ವಿದ್ಯಾರ್ಥಿಗಳಿಗೆಂದು 100 ಪೌಂಡು ಕೊಟ್ಟಿದ್ದಳು. ಅಂದರೆ ಫೀಸು ಕಟ್ಟಲಾಗದವರ ಸಮಸ್ಯೆ ಈ ದೇಶದ ಕಾಲೇಜಿನಷ್ಟೇ ಹಳೆಯದು. ಆದರೆ ಫೀಸೇ ಬೇಡ ಎಂದ ಸಂಪ್ರದಾಯವೂ ಇಲ್ಲಿತ್ತೆಂಬುದನ್ನು ಈಗಿನವರು ಮರೆತಿದ್ದಾರೆ. ನ್ಯೂಯಾರ್ಕಿನ ಸಿಟಿ ಕಾಲೇಜು 1847ರಲ್ಲಿ ಉಚಿತ ಅಕಾಡೆಮಿಯಾಗಿಯೇ ಹುಟ್ಟಿತು. ವಲಸೆ ಬಂದವರ ಮಕ್ಕಳು ಕಾಸು ಕೊಡದೆ ಅಲ್ಲಿ ಓದಿದರು. ನಗರ ದಿವಾಳಿಯ ಅಂಚಿಗೆ ಬಂದ ಮೇಲೆ, 1976ರಲ್ಲಿ, ಅಲ್ಲಿ ಟ್ಯೂಷನ್ ಶುರುವಾಯಿತು.

ಎರಡನೆಯ ಮಹಾಯುದ್ಧದಿಂದ ಮರಳಿದ ಯೋಧರಿಗಾಗಿ 1944ರಲ್ಲಿ ಬಂದ ಜಿ.ಐ. ಬಿಲ್ ವರ್ಷಕ್ಕೆ 500 ಡಾಲರಿನವರೆಗೆ ಫೀಸನ್ನು ಸರ್ಕಾರವೇ ಕಾಲೇಜಿಗೆ ಕಟ್ಟುವಂತೆ ಮಾಡಿತು. ಅದು ಸಾಲವಲ್ಲ, ದೇಶ ತೀರಿಸಿದ ಋಣ. ಸಾಲ ಬಂದದ್ದು ಅದರ ನಂತರ. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಆಕಾಶಕ್ಕೆ ಏರಿತು. ಬೆದರಿದ ಅಮೆರಿಕ ಮರುವರ್ಷವೇ ಒಂದು ಕಾನೂನು ಮಾಡಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 1,000 ಡಾಲರಿನವರೆಗೆ ಶೇಕಡಾ 3ರ ಬಡ್ಡಿಯಲ್ಲಿ ಸಾಲ ಕೊಡತೊಡಗಿತು.

ಆಮೇಲೆ ಬಂದವರು ಲಿಂಡನ್ ಜಾನ್ಸನ್. ಟೆಕ್ಸಸ್ಸಿನ ಬಡ ಮನೆತನದ ಹುಡುಗ. ಸ್ಯಾನ್ ಮಾರ್ಕೋಸಿನ ಶಿಕ್ಷಕರ ಕಾಲೇಜಿನಲ್ಲಿ ಓದುತ್ತಿದ್ದಾಗ ಕೈಯಲ್ಲಿ ದುಡ್ಡಿಲ್ಲದೆ ಓದು ನಿಲ್ಲಿಸಿ, 1928-29ರಲ್ಲಿ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮಕ್ಕಳ ಶಾಲೆಗೆ ಮೇಷ್ಟ್ರಾಗಿ ಹೋದರು. ಗಳಿಸಿದ್ದನ್ನು ಹಿಡಿದುಕೊಂಡು ವಾಪಸು ಬಂದು ಪದವಿ ಮುಗಿಸಿದರು. ವಾರಾನ್ನ ಉಂಡು ಓದಿದವರ ಕಥೆ ಕೇಳಿ ಬೆಳೆದ ನಮ್ಮವರಿಗೆ ಇದು ಹೊಸತೆನಿಸದು. ಅಧ್ಯಕ್ಷರಾದ ಮೇಲೆ ಜಾನ್ಸನ್ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಲು ವಾಷಿಂಗ್ಟನ್ನಿನಲ್ಲಿ ಕೂರಲಿಲ್ಲ. 1965ರ ನವೆಂಬರ್ 8ರಂದು ಅದೇ ಹಳೆಯ ಕಾಲೇಜಿಗೆ ಹೋಗಿ ಸಹಿ ಹಾಕಿ, ಕೊಟುಲ್ಲಾದ ಮಕ್ಕಳ ಮುಖಗಳನ್ನು ನೆನೆದರು. ಇವತ್ತಿಗೂ ಅಮೆರಿಕದ ವಿದ್ಯಾರ್ಥಿ ಸಾಲ, ನೆರವು ಎಲ್ಲ ನಿಂತಿರುವುದು ಆ ಕಾಯ್ದೆಯ ಮೇಲೆ. 1972ರಲ್ಲಿ ಬಡವರಿಗೆ ಹಿಂದಿರುಗಿಸಬೇಕಿಲ್ಲದ ನೆರವೂ ಸೇರಿಕೊಂಡಿತು. ಈಗ ಅದಕ್ಕೆ ಪೆಲ್ ಗ್ರಾಂಟ್ ಎನ್ನುತ್ತಾರೆ. ಎಪ್ಪತ್ತರ ದಶಕದ ನಡುವಿನಲ್ಲಿ ಗರಿಷ್ಠ ಪೆಲ್ ಗ್ರಾಂಟು ಸರ್ಕಾರಿ ಕಾಲೇಜಿನಲ್ಲಿ ನಾಲ್ಕು ವರ್ಷದ ಪದವಿ ಓದುವವರ ವಾರ್ಷಿಕ ಖರ್ಚಿನ ಮುಕ್ಕಾಲು ಪಾಲನ್ನು ತುಂಬುತ್ತಿತ್ತು. ಈಗ ಮೂರನೆಯ ಒಂದು ಪಾಲಿನ ಆಸುಪಾಸು. ಉಳಿದದ್ದು ಸಾಲ.

ಇಷ್ಟು ಎಲ್ಲರೂ ಬರೆಯುವ ಚರಿತ್ರೆ. ನನ್ನ ಜೊತೆಯಾಕೆಯ 900 ಡಾಲರ್ ಇದರಲ್ಲಿ ಎಲ್ಲೂ ಸಿಗುವುದಿಲ್ಲ, ಏಕೆಂದರೆ ಅದು ಸರ್ಕಾರಕ್ಕೆ ಕೊಡಬೇಕಾದ ಸಾಲವಲ್ಲ, ಕಾಲೇಜಿಗೇ ಕೊಡಬೇಕಾದ ಬಾಕಿ. ಅದರ ಮೂಲ 1998ರ ಒಂದು ತಿದ್ದುಪಡಿಯಲ್ಲಿದೆ. ಸರ್ಕಾರಿ ನೆರವು ಪಡೆದ ವಿದ್ಯಾರ್ಥಿ ಸೆಮಿಸ್ಟರಿನ ಶೇಕಡಾ 60 ಕಳೆಯುವ ಮೊದಲು ಬಿಟ್ಟರೆ, ಕೂತಷ್ಟು ದಿನದ ನೆರವು ಮಾತ್ರ ಅವನದು. ಉಳಿದದ್ದು ವಾಪಸು ಹೋಗಬೇಕು. ಆಕೆಯ ಲೆಕ್ಕ ಹೀಗೆ. ಆ ಸೆಮಿಸ್ಟರಿನ ಟ್ಯೂಷನ್ 1,500 ಡಾಲರ್, ಪೂರ್ತಿ ನೆರವಿನಿಂದಲೇ ಸಂದಿತ್ತು. 15 ವಾರಗಳಲ್ಲಿ ಆಕೆ ಕೂತದ್ದು 6 ವಾರ, ಅಂದರೆ ಶೇಕಡಾ 40. ಉಳಿದ ಶೇಕಡಾ 60ರ ಪಾಲು 900 ಡಾಲರನ್ನು ಕಾಲೇಜು ಸರ್ಕಾರಕ್ಕೆ ಹಿಂದಿರುಗಿಸಿತು. ಆದರೆ ಫೀಸು ವಾಪಸು ಕೊಡುವ ಕಾಲೇಜಿನದೇ ಗಡುವು ಮುಗಿದುಹೋಗಿದ್ದರಿಂದ ಅದೇ 900ನ್ನು ಆಕೆಯ ಹೆಸರಿಗೆ ಬರೆಯಿತು. ತಾಯಿಯ ಆಸ್ಪತ್ರೆಯಲ್ಲಿ ಕೂತಿದ್ದವಳಿಗೆ ಬಿಲ್ಲು ಬಂದದ್ದು ಎರಡು ತಿಂಗಳ ಮೇಲೆ. ಮೋಸ ಇಲ್ಲ, ಸುಳ್ಳು ಇಲ್ಲ. ಎರಡು ನಿಯಮಗಳ ಸಂದಿಯಲ್ಲಿ ಒಬ್ಬಳು ಸಿಕ್ಕಿಹಾಕಿಕೊಂಡಳು, ಅಷ್ಟೆ.

ಹೊಸ ಕಾಲೇಜಿಗೆ ಸೇರಿ, ಅಲ್ಲಿ ಸಿಗುವ ನೆರವಿನಿಂದ ಹಳೆಯದನ್ನು ತೀರಿಸಬಾರದೇ ಎಂದು ಕೇಳಬಹುದು. ನಾನೂ ಕೇಳಿದೆ. ಆಗುವುದಿಲ್ಲ. ಈ ವರ್ಷದ ನೆರವು ಈ ವರ್ಷದ ಓದಿಗೆ. ಅದೇ ಕಾಲೇಜಿಗೆ ಮರಳಿದರೂ ಹಿಂದಿನ ವರ್ಷದ ಬಾಕಿಗೆ ಅದರಿಂದ ಮುಟ್ಟಿಸಬಹುದಾದದ್ದು 200 ಡಾಲರ್ ಮಾತ್ರ. ಹೀಗೆ ಓದಲು ಸಾವಿರಾರು ಡಾಲರ್ ಕೊಡಲು ಸಿದ್ಧವಿರುವ ಸರ್ಕಾರ ಬಾಗಿಲಲ್ಲಿರುವ ಕಲ್ಲನ್ನು ಎತ್ತಲು ಕೊಡುವುದಿಲ್ಲ. ಅತ್ತ ಬಾಕಿ ಒಂದೆಡೆ ನಿಲ್ಲುವುದೂ ಇಲ್ಲ. ವಸೂಲಿ ಏಜೆನ್ಸಿಗೆ ಹೋದರೆ ಅವರ ಶುಲ್ಕ ಸೇರಿ ಬೆಳೆಯುತ್ತದೆ. ಒಹಾಯೊ ರಾಜ್ಯದ ಸರ್ಕಾರಿ ಕಾಲೇಜುಗಳಂತೂ 45 ದಿನ ಮೀರಿದ ಬಾಕಿಯನ್ನು ರಾಜ್ಯದ ಅಟಾರ್ನಿ ಜನರಲ್‌ಗೆ ಒಪ್ಪಿಸಬೇಕೆಂದು ಕಾನೂನೇ ಇದೆ. 2020ರಲ್ಲಿ ಇಥಾಕ ಎಸ್ ಪ್ಲಸ್ ಆರ್ ಎಂಬ ಸಂಶೋಧನಾ ಸಂಸ್ಥೆ ಮಾಡಿದ ಅಂದಾಜಿನಲ್ಲಿ ಹೀಗೆ ಕ್ರೆಡಿಟ್ ಸಿಕ್ಕಿಬಿದ್ದವರು 66 ಲಕ್ಷ ಜನ, ಒಟ್ಟು ಬಾಕಿ 1,500 ಕೋಟಿ ಡಾಲರ್.

ಅಂಕಪಟ್ಟಿ ಯಾರದು? ಈ ಪ್ರಶ್ನೆ 2009ರಲ್ಲಿ ಷಿಕಾಗೊದ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂತು. ದಿವಾಳಿ ಅರ್ಜಿ ಹಾಕಿದ್ದ ವಿಸ್ಕಾನ್ಸಿನ್ನಿನ ಒಬ್ಬ ಶಿಕ್ಷಕಿಗೆ ಕಾಲೇಜು ಟ್ರಾನ್ಸ್‌ಕ್ರಿಪ್ಟ್ ಕೊಡಲಿಲ್ಲ; ಅದಿಲ್ಲದೆ ಆಕೆಗೆ ಸಂಬಳ ಏರುವಂತಿರಲಿಲ್ಲ. ಅಂಕಪಟ್ಟಿಯಲ್ಲಿ ವಿದ್ಯಾರ್ಥಿಗೂ ಹಕ್ಕಿದೆ, ಅದನ್ನು ತಡೆಹಿಡಿಯುವುದು ಸಾಲ ವಸೂಲಿಯ ಇನ್ನೊಂದು ದಾರಿ ಎಂದು ನ್ಯಾಯಾಲಯ ಹೇಳಿತು. ಆದರೆ ಅದು ದಿವಾಳಿಯಾದವರಿಗೆ ಸಿಕ್ಕ ರಕ್ಷಣೆ. 900 ಡಾಲರಿಗಾಗಿ ಯಾರು ದಿವಾಳಿ ಎದ್ದಾರು?

ಗಾಳಿ ತಿರುಗಿದ್ದು ಕಳೆದ ಏಳೆಂಟು ವರ್ಷಗಳಲ್ಲಿ. ಡೆಟ್ರಾಯಿಟಿನ ವೇನ್ ಸ್ಟೇಟ್ ವಿಶ್ವವಿದ್ಯಾಲಯ 2018ರಲ್ಲಿ, ಓದು ಬಿಟ್ಟು ಹೋದವರು ಮರಳಿ ಬಂದರೆ 1,500 ಡಾಲರಿನವರೆಗಿನ ಬಾಕಿಯನ್ನು ಮೂರು ಕಂತಿನಲ್ಲಿ, ಸೆಮಿಸ್ಟರ್ ಮುಗಿಸಿದಂತೆಲ್ಲ ಒಂದೊಂದು ಪಾಲು, ಮನ್ನಾ ಮಾಡುವುದಾಗಿ ಸಾರಿತು. ಬಂದವರು ಕಟ್ಟಿದ ಹೊಸ ಫೀಸು ಬಿಟ್ಟುಕೊಟ್ಟ ಹಣಕ್ಕಿಂತ ಹೆಚ್ಚಾಯಿತು. ವ್ಯಾಪಾರ ಬಲ್ಲ ಯಾವ ಶೆಟ್ಟರಾದರೂ ಮೊದಲೇ ಹೇಳಬಹುದಾಗಿದ್ದ ಮಾತು. ಅಂಕಪಟ್ಟಿ ತಡೆಯಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂತು, ನ್ಯೂಯಾರ್ಕಿನಲ್ಲಿ 2022ರಲ್ಲಿ ಆಯಿತು. ಕೋವಿಡ್ ಪರಿಹಾರದ ದುಡ್ಡಿನಿಂದ ಡೆಲವೇರ್ ಸ್ಟೇಟ್ ವಿಶ್ವವಿದ್ಯಾಲಯ 2021ರಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಬಾಕಿ ತೊಡೆದುಹಾಕಿತು.

ನಮ್ಮೂರಿನವರು ಇದನ್ನು ಅಮೆರಿಕದ ವಿಚಿತ್ರವೆಂದು ಓದಬಾರದು. ನಾನು ಪಿಯುಸಿ ಓದಿದ ಕಾಲೇಜಿನಲ್ಲಿ ಫೀಸು ಉಳಿಸಿಕೊಂಡವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿ ಹಾಲ್ ಟಿಕೆಟ್ ತಡೆಯುತ್ತಿದ್ದರು, ಟಿ.ಸಿ. ಅಂತೂ ಗುಮಾಸ್ತರ ಬೀರುವಿನಲ್ಲಿ ಒತ್ತೆಯಾಳು. 2018ರಲ್ಲಿ ಯುಜಿಸಿ, ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ಇಟ್ಟುಕೊಳ್ಳಕೂಡದೆಂದು ಸೂಚನೆ ಹೊರಡಿಸಬೇಕಾಯಿತು ಎಂದರೆ ಕಾರಣವಿಲ್ಲದೆ ಅಲ್ಲ.

ಅಲ್ಲಿಂದ ಇಲ್ಲಿಗೆ ಓದಲು ಬರುವ ಮಕ್ಕಳಿಗೆ ಎರಡೂ ಕಡೆಯ ಕಷ್ಟ. ಅವರಿಗೆ ಇಲ್ಲಿನ ಸರ್ಕಾರಿ ನೆರವಿಲ್ಲ. 2013ರ ಆಗಸ್ಟಿನ ಕೊನೆಗೆ ರೂಪಾಯಿ ಡಾಲರಿಗೆ 68ಕ್ಕೆ ಕುಸಿಯಿತು. ಮೇ ತಿಂಗಳ ಮೊದಲಲ್ಲಿ 54ರ ಹತ್ತಿರ ಇತ್ತು. ಆ ವರ್ಷ ನಮ್ಮ ಕನ್ನಡ ಸಂಘದ ಗಣೇಶನ ಹಬ್ಬಕ್ಕೆ ಬಂದಿದ್ದ ದಾವಣಗೆರೆ ಕಡೆಯ ಹುಡುಗನೊಬ್ಬ ಊಟದ ಎಲೆ ಎತ್ತುವಾಗ ಮೆಲ್ಲಗೆ ಹೇಳಿದ: "ಅಂಕಲ್, ಬ್ಯಾಂಕಿನವರು ಸಾಲ ಕೊಟ್ಟಿದ್ದು ರೂಪಾಯಿ ಲೆಕ್ಕದಲ್ಲಿ. ಸೆಮಿಸ್ಟರಿಗೆ ಒಂಬತ್ತು ಸಾವಿರ ಡಾಲರ್. ಅಪ್ಪನಿಗೆ ಹೇಳೋಕಾಗಲ್ಲ, ಸೈಟು ಆಗಲೇ ಬ್ಯಾಂಕಲ್ಲಿದೆ." 54ರಂತೆ ಅದು 4,86,000 ರೂಪಾಯಿ, 68ರಂತೆ 6,12,000. ಕೊರತೆ 1,26,000 ರೂಪಾಯಿ, ಅಂದರೆ ಸುಮಾರು 1,850 ಡಾಲರ್. ಬಾಕಿ ಉಳಿದರೆ ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸಲು ಬಿಡುವುದಿಲ್ಲ. ಎಫ್-1 ವೀಸಾದವನು ನೋಂದಾಯಿಸದಿದ್ದರೆ ದೇಶದಲ್ಲಿರುವ ಹಕ್ಕೇ ಹೋಗುತ್ತದೆ. ಅವನ ಬಾಗಿಲಿನ ಕಲ್ಲಿಗೆ ಗಡುವೂ ಇತ್ತು. ಐದು ಮನೆಯವರು ಸೇರಿ ಕೈಗಡ ಕೊಟ್ಟೆವು. ಕೆಲಸ ಸಿಕ್ಕ ಮೇಲೆ ಒಬ್ಬೊಬ್ಬರದಾಗಿ ತೀರಿಸಿದ. ಬಡ್ಡಿ ಬೇಡವೆಂದರೆ ಪ್ರತಿ ಮನೆಗೂ ಬೆಣ್ಣೆ ಬಿಸ್ಕತ್ತಿನ ಡಬ್ಬ ತಂದ. ಐದು ಮನೆ ಸಿಗದ ಹುಡುಗರು ಏನಾದರು ಎಂಬ ಯೋಚನೆ ನನಗೆ ಆಮೇಲೆ ಬಂತು.

2024ರ ಜುಲೈ 1ರಿಂದ ಫೆಡರಲ್ ನಿಯಮವೊಂದು ಜಾರಿಗೆ ಬಂದಿದೆ. ಸರ್ಕಾರಿ ನೆರವು ಪಡೆದ, ಫೀಸು ಪೂರ್ತಿ ಸಂದಾಯವಾದ ಸೆಮಿಸ್ಟರುಗಳ ಕ್ರೆಡಿಟ್ಟನ್ನು ಕಾಲೇಜು ತಡೆಯುವಂತಿಲ್ಲ. ಬಾಕಿ ಇರುವ ಸೆಮಿಸ್ಟರನ್ನು ಬೇಕಾದರೆ ಬಿಟ್ಟು ಕೊಡಬಹುದು. ಅರೆಮನಸ್ಸಿನ ಸುಧಾರಣೆ ಅನ್ನಿಸಿತ್ತು ನನಗೆ. ಆ ಅಕ್ಟೋಬರಿನಲ್ಲಿ ಜೊತೆಯಾಕೆ ಊಟದ ಹೊತ್ತಿನಲ್ಲಿ ಫೋನು ನನ್ನ ಮುಂದೆ ಹಿಡಿದಳು. ಮೂರು ಸೆಮಿಸ್ಟರು, 36 ಕ್ರೆಡಿಟ್. ನಾಲ್ಕನೆಯದು ನಡೆದೇ ಇಲ್ಲವೆಂಬಂತೆ ಖಾಲಿ. ಆ 900 ಈಗ ಏಜೆನ್ಸಿಯ ಲೆಕ್ಕದಲ್ಲಿ 1,200 ದಾಟಿದೆ; ತಿಂಗಳಿಗೆ 50ರಂತೆ ಕಟ್ಟುತ್ತಿದ್ದಾಳೆ. ನರ್ಸಿಂಗ್ ಕಾಲೇಜು 36ರಲ್ಲಿ 27ನ್ನು ಒಪ್ಪಿಕೊಂಡಿತು. ಜೀವಶಾಸ್ತ್ರ ಹಳತಾಯಿತು, ಮತ್ತೆ ಓದಬೇಕಂತೆ. ಮಗಳ ಪುಸ್ತಕವನ್ನೇ ಇಟ್ಟುಕೊಂಡು ಶುರುಮಾಡಿದ್ದಾಳೆ.