ವಾರಕ್ಕೊಂದು ಸಭೆ

1905ನೇ ಇಸವಿ ಸಹಕಾರಿಗಳಾದ ನಮಗೆಲ್ಲ ಪರಿಚಿತ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ ವರ್ಷ ಅದು. ಅದೇ ವರ್ಷ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ ಸಭೆ ಕೂತರು. ಸಭೆ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸುತ್ತುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ಬಂತು.

ಮೊದಮೊದಲು ಅದು ಪರಸ್ಪರ ವ್ಯಾಪಾರ ಕುದುರಿಸುವ ಕೂಟವೇ. ಸೇವೆಯ ಮಾತು ಆಮೇಲಿನದು. 1907ರಲ್ಲಿ ಕೈಗೆತ್ತಿಕೊಂಡ ಕೆಲಸ ಯಾವುದೆನ್ನುತ್ತೀರಿ? ಸಾರ್ವಜನಿಕ ಶೌಚಾಲಯ! ಹೆಂಡದಂಗಡಿಯವರೂ ದೊಡ್ಡ ಮಳಿಗೆಯವರೂ ಅಡ್ಡ ಬಂದರು. ಶೌಚಕ್ಕೆಂದು ಒಳಗೆ ಬಂದವರೇ ಅವರಿಗೆ ಗಿರಾಕಿ ಆಗುತ್ತಿದ್ದರಲ್ಲ! ಆದರೂ ಶೌಚಾಲಯ ಆಯಿತು.

ವಾರದ ಸಭೆಗೆ ಹಾಜರಿ ಬಲು ಬಿಗಿ. ಪರವೂರಿಗೆ ಹೋದವರು ಅಲ್ಲಿನ ಕ್ಲಬ್ಬಿನಲ್ಲೇ ಕೂತು ಹಾಜರಿ ತುಂಬಿಕೊಳ್ಳುತ್ತಿದ್ದರು. ಮಹಾಸಭೆಯ ಕೋರಂಗೆ ಮನೆಮನೆಗೆ ಹೇಳಿಕಳಿಸುವ ನಮಗೆ ಇದು ಸೋಜಿಗವೇ ಸರಿ. 2016ರಲ್ಲಿ ತಿಂಗಳಿಗೆ ಎರಡು ಸಭೆಯಾದರೂ ಸಾಕೆಂದು ನಿಯಮ ಸಡಿಲಿಸಿದರು. ನಮಗೇನೋ ಹಳೆಯದೇ ಲೇಸೆನಿಸುತ್ತದೆ. ಹೆಂಗಸರಿಗೆ ಎಲ್ಲೆಡೆ ಸದಸ್ಯತ್ವದ ಬಾಗಿಲು ತೆರೆದದ್ದು ಮಾತ್ರ 1989ರಲ್ಲಿ. ಬಹಳ ತಡವಾಯಿತು.

1985ರಲ್ಲಿ ಅವರು ಪೋಲಿಯೋ ಹೊಡೆದಟ್ಟುವ ಪಣ ತೊಟ್ಟರು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೋ ಶುರುವಾಯಿತು. ಆರೋಗ್ಯ ಇಲಾಖೆಯವರು, ಅಂಗನವಾಡಿಯವರು, ಜೊತೆಗೆ ಕ್ಲಬ್ಬಿನ ಸ್ವಯಂಸೇವಕರು ಬೂತಿನಲ್ಲಿ ಕೂತು ಎರಡೆರಡು ಹನಿ ಹಾಕಿ, ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚುತ್ತಿದ್ದರು. ತಪ್ಪಿದ ಮಕ್ಕಳನ್ನು ಹುಡುಕಿ ಮನೆಗೇ ಹೋಗುತ್ತಿದ್ದರು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹಾವಡಾದಲ್ಲಿ ಒಂದು ಹೆಣ್ಣುಮಗುವಿಗೆ ಕಾಣಿಸಿದ್ದೇ ದೇಶದ ಕೊನೆಯ ಕಾಡು ಪೋಲಿಯೋ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಬಂತು.