ಕ್ಯೂಆರ್ ಕೋಡ್ ಕಿತ್ತುಹಾಕಿದರೆ ಜಿಎಸ್‌ಟಿ ತಪ್ಪುತ್ತದೆಯೇ? ಸಣ್ಣ ಅಂಗಡಿಗೂ ಅಕೌಂಟೆಂಟ್ ಏಕೆ ಬೇಕು?

ಯುಪಿಐ ಮೂಲಕ ಹಣ ಪಡೆದರೆ ಜಿಎಸ್‌ಟಿ ನೋಟಿಸ್ ಬರುತ್ತದೆ, ಅಂಗಡಿಯ ಕ್ಯೂಆರ್ ಕೋಡ್ ತೆಗೆದುಹಾಕಿ, ನಗದು ಮಾತ್ರ ತೆಗೆದುಕೊಳ್ಳಿ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಅಂಗಡಿ ನಡೆಸುವವರು ಇದನ್ನು ಮುಂದಕ್ಕೆ ಕಳುಹಿಸುವ ಮುನ್ನ ಸತ್ಯ ಏನೆಂದು ನೋಡೋಣ.

ಈ ಸುದ್ದಿ ಎಲ್ಲಿಂದ ಬಂತು?

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. 2021-22ರಿಂದ 2024-25ರವರೆಗಿನ ಯುಪಿಐ ಜಮೆಯ ಮಾಹಿತಿಯೇ ಅದಕ್ಕೆ ಆಧಾರ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ ಸುಮಾರು 29 ಲಕ್ಷ ಕಟ್ಟಬೇಕೆಂಬ ನೋಟಿಸ್ ಬಂದದ್ದು ದೊಡ್ಡ ಸುದ್ದಿಯಾಯಿತು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಕೊಂಡಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು.

ಹಾಗಾದರೆ ಸತ್ಯವೇನು?

ಜಿಎಸ್‌ಟಿ ಬೀಳುವುದು ಮಾರಾಟದ ಮೇಲೆ. ಹಣ ಯಾವ ದಾರಿಯಲ್ಲಿ ಬಂತು ಎಂಬುದರ ಮೇಲಲ್ಲ. ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ನೋಂದಣಿ ಬೇಕು. ನಗದು, ಯುಪಿಐ, ಚೆಕ್ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ತಾಜಾ ತರಕಾರಿಯಂಥ ತೆರಿಗೆ ಇಲ್ಲದ ವಸ್ತುಗಳನ್ನಷ್ಟೇ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಕಡ್ಡಾಯವಲ್ಲ. ಕ್ಯೂಆರ್ ಕೋಡ್ ತೆಗೆದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗಬಹುದೇ ಹೊರತು ಕಾನೂನು ಬದಲಾಗುವುದಿಲ್ಲ.

ನಿಜವಾದ ಸಮಸ್ಯೆ: ಲೆಕ್ಕ ಇಲ್ಲದಿರುವುದು

ಯುಪಿಐ ಪಟ್ಟಿಯಲ್ಲಿ ಕಾಣುವುದು ಜಮೆ ಮಾತ್ರ. ಅದು ಯಾವುದರ ಹಣ ಎಂದು ಅಲ್ಲಿ ಬರೆದಿರುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಿ.ಸಿ.ರೋಡಿನಲ್ಲಿ ದಿನಸಿ ಅಂಗಡಿ ಇರುವ ಒಬ್ಬರ ಖಾತೆಗೆ ವರ್ಷದಲ್ಲಿ 43 ಲಕ್ಷ ಜಮೆಯಾಗಿದೆ ಎಂದುಕೊಳ್ಳಿ. ಅದರಲ್ಲಿ ಅಂಗಡಿಯ ಮಾರಾಟ 24 ಲಕ್ಷ. ಸ್ವಂತ ತೋಟದ ಅಡಿಕೆ ಮಾರಿದ್ದು 6 ಲಕ್ಷ. ಮನೆ ಕಟ್ಟಲು ಗಲ್ಫ್‌ನಿಂದ ತಮ್ಮ ಕಳುಹಿಸಿದ್ದು 8 ಲಕ್ಷ. ಚೀಟಿ ಎತ್ತಿದ್ದು 5 ಲಕ್ಷ. ಇದಲ್ಲದೆ ನಗದು ಮಾರಾಟ 5 ಲಕ್ಷ.

ಹೊರಗಿನಿಂದ ನೋಡಿದರೆ ಇವರು 40 ಲಕ್ಷ ದಾಟಿದ್ದಾರೆ. ನಿಜಕ್ಕೂ ಅಂಗಡಿಯ ವಹಿವಾಟು 29 ಲಕ್ಷ. ತನ್ನ ಭೂಮಿಯ ಬೆಳೆ ಮಾರುವ ಕೃಷಿಕ ಅದಕ್ಕಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅಡಿಕೆಯ ಹಣ ಸೇರಿಸಿದರೂ ಮೊತ್ತ 35 ಲಕ್ಷವಷ್ಟೆ. ಆದರೆ ನಾಲ್ಕು ವರ್ಷದ ನಂತರ ನೋಟಿಸ್ ಬಂದರೆ ಇದನ್ನು ತೋರಿಸುವುದು ಹೇಗೆ? ಬಾಯಿಮಾತು ಸಾಲದು. ಹಿಂದೆ ಅಂಗಡಿಗಳಲ್ಲಿ ಕಿರ್ದಿ, ಖಾತೆ ಪುಸ್ತಕ ಬರೆಯುತ್ತಿದ್ದದ್ದು ಇದೇ ಕಾರಣಕ್ಕೆ. ಇಂದು ಆ ಕೆಲಸ ಅಕೌಂಟೆಂಟ್‌ನದ್ದು.

ಮಿತಿ ದಾಟಿದ್ದರೆ?

ಆಗ ಮೊದಲೇ ಗೊತ್ತಾಗುವುದೇ ಲಾಭ. ವಹಿವಾಟು 1.5 ಕೋಟಿಯೊಳಗಿರುವ, ರಾಜ್ಯದೊಳಗೇ ಮಾರುವ ವ್ಯಾಪಾರಿಗಳು ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ ಯೋಜನೆ ಸೇರಿ 1% ಮಾತ್ರ ಕಟ್ಟಬಹುದು. 60 ಲಕ್ಷ ವಹಿವಾಟಿಗೆ ವರ್ಷಕ್ಕೆ 60 ಸಾವಿರ. ಇದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಖರೀದಿಗೆ ಕೊಟ್ಟ ತೆರಿಗೆಯನ್ನು ಕಳೆಯುವಂತೆಯೂ ಇಲ್ಲ. ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ಹಳೆಯ ವರ್ಷಗಳಿಗೆ ಈ ಸೌಲಭ್ಯ ಸಿಗದು. 5% ದರದ ಸರಕಾದರೂ ಅಷ್ಟೇ ವಹಿವಾಟಿಗೆ ತೆರಿಗೆ 3 ಲಕ್ಷ. ಮೇಲೆ ಬಡ್ಡಿ, ದಂಡ.

ಆದಾಯ ತೆರಿಗೆಯಲ್ಲಂತೂ ಫಾರ್ವರ್ಡ್ ಹೇಳುವುದಕ್ಕೆ ತದ್ವಿರುದ್ಧ. ಅರ್ಹ ಸಣ್ಣ ವ್ಯಾಪಾರಿಗಳು ವಹಿವಾಟಿನ ಒಂದು ಪಾಲನ್ನು ಲಾಭವೆಂದು ತೋರಿಸುವ ಸರಳ ಪದ್ಧತಿಯಲ್ಲಿ, ನಗದು ಮಾರಾಟಕ್ಕೆ ಕನಿಷ್ಠ 8%, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಕನಿಷ್ಠ 6% ತೋರಿಸಬೇಕು. 30 ಲಕ್ಷ ವಹಿವಾಟಿಗೆ ನಗದಾದರೆ 2.40 ಲಕ್ಷ, ಯುಪಿಐಯಾದರೆ 1.80 ಲಕ್ಷ. ಕಮಿಷನ್ ಆಧಾರದ ದಲ್ಲಾಳಿ ವ್ಯವಹಾರಕ್ಕೆ ಈ ಪದ್ಧತಿ ಅನ್ವಯಿಸುವುದಿಲ್ಲ. ನೀವು ಯಾವ ಗುಂಪಿಗೆ ಸೇರುತ್ತೀರಿ ಎಂದು ಹೇಳುವುದೂ ಅಕೌಂಟೆಂಟ್ ಕೆಲಸವೇ. ಬ್ಯಾಂಕಿಗೆ ಸಾಲ ಕೇಳಲು ಹೋದಾಗಲೂ ಮೊದಲು ಕೇಳುವುದು ಈ ಲೆಕ್ಕಪತ್ರವನ್ನೇ.

ಸಂಬಳಕ್ಕೆ ಆಳು ಇಡಬೇಕೇ?

ಬೇಡ. ಸಣ್ಣ ಅಂಗಡಿಗೆ ತಿಂಗಳಿಗೊಮ್ಮೆ ಲೆಕ್ಕ ನೋಡುವ, ರಿಟರ್ನ್ ಸಲ್ಲಿಸುವ ತೆರಿಗೆ ಸಲಹೆಗಾರರೇ ಸಾಕು. ದಿನದ ಮಾರಾಟ ಕೆಲವು ಸಾವಿರವಷ್ಟೇ ಇರುವ ಗೂಡಂಗಡಿಗೆ ಒಂದು ನೋಟ್‌ಪುಸ್ತಕ ಮತ್ತು ವರ್ಷಕ್ಕೊಮ್ಮೆಯ ಸಲಹೆ ಸಾಕಾಗುತ್ತದೆ. ಆದರೆ ಈ ನಾಲ್ಕು ವಿಷಯ ನೆನಪಿಡಿ:

• ಅಂಗಡಿಯ ಕ್ಯೂಆರ್ ಕೋಡ್‌ಗೆ ಬೇರೆಯೇ ಬ್ಯಾಂಕ್ ಖಾತೆ ಇರಲಿ. ಮನೆಯ ಹಣ ಅದಕ್ಕೆ ಬರದಿರಲಿ.

• ಖರೀದಿ ಬಿಲ್, ಅಡಿಕೆ ಮಾರಿದ ಚೀಟಿ ಎಸೆಯಬೇಡಿ.

• ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ, ಇಮೇಲ್ ಇರಲಿ. ಬೇರೆಯವರದ್ದು ಕೊಟ್ಟರೆ ನೋಟಿಸ್ ಬಂದದ್ದೇ ನಿಮಗೆ ತಿಳಿಯದು.

• ಲೆಕ್ಕ ಬೇರೆಯವರು ಬರೆದರೂ ಜವಾಬ್ದಾರಿ ಮಾಲೀಕರದ್ದೇ. ರಿಟರ್ನ್ ಸಲ್ಲಿಸಿದ ರಸೀದಿಯನ್ನು ಪ್ರತಿ ಸಲ ಕೇಳಿ ಪಡೆಯಿರಿ. ಜಿಎಸ್‌ಟಿ ಪ್ರಾಕ್ಟೀಷನರ್ ಎಂದು ಹೇಳಿಕೊಳ್ಳುವವರ ಹೆಸರು ಇದೆಯೇ ಎಂದು ಪೋರ್ಟಲ್‌ನಲ್ಲೇ ಹುಡುಕಬಹುದು.

ನಮ್ಮ ತೀರ್ಮಾನ: ಯುಪಿಐ ಬಿಟ್ಟರೆ ತೆರಿಗೆ ತಪ್ಪುತ್ತದೆ ಎಂಬುದು ತಪ್ಪು ಮಾಹಿತಿ. ನೋಟಿಸ್ ಬಂದ ದಿನ ಅಂಗಡಿಯನ್ನು ಕಾಯುವುದು ಸರಿಯಾಗಿ ಬರೆದಿಟ್ಟ ಲೆಕ್ಕ. ಮುಂದಿನ ಸಲ ಆ ಸಂದೇಶ ಬಂದರೆ, ಅದರ ಕೆಳಗೆ ಇದನ್ನು ಕಳುಹಿಸಿ.