‘ಆಯಮ್ಮ ಬಲು ಜೋರು!’

ಸುಗ್ಗಿ ಮುಗಿದು ಶಿವರಾತ್ರಿ ಕಳೆಯಿತೆಂದರೆ ಕಳ್ಳಂಬೆಳ್ಳದ ಸುತ್ತಿನ ಊರುಗಳಲ್ಲಿ ನಾಟಕದ ಕಾಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಲ್ಲಿಗೇ ಹೋದರೂ ಗೋಡೆಯ ಮೇಲೊಂದು ‘ಕುರುಕ್ಷೇತ್ರ’ದ ಕರಪತ್ರ ಕಣ್ಣಿಗೆ ಬೀಳುತ್ತದೆ. ದುರ್ಯೋಧನ ಯಾರು, ಭೀಮ ಯಾರು, ಕೃಷ್ಣ ಯಾರು ಎಂಬುದೆಲ್ಲ ಅದರಲ್ಲಿ ವಿವರವಾಗಿ ಅಚ್ಚಾಗಿರುತ್ತದೆ. ಎಲ್ಲರೂ ಊರಿನವರೇ. ಕೊನೆಗೆ, ಸ್ತ್ರೀ ಪಾತ್ರಧಾರಿಗಳು ಎಂಬ ಸಾಲಿನಲ್ಲಿ, ಹೊರಗಿನಿಂದ ಬರುವ ಕಲಾವಿದೆಯರ ಹೆಸರು.

ನಾಟಕ ಮುಗಿದ ಮರುದಿನ ಅರಳಿಕಟ್ಟೆಯಲ್ಲಿ ದುರ್ಯೋಧನನ ಮಾತು, ಭೀಮನ ಮಾತು ಆದಮೇಲೆ ದ್ರೌಪದಿಯ ಮಾತು ಬಂದೇ ಬರುತ್ತದೆ. ‘ಚೆನ್ನಾಗಿ ಮಾಡಿದಳು, ಆದರೆ ಆಯಮ್ಮ ಬಲು ಜೋರು!’

ಜೋರು ಏಕೆ? ಒಪ್ಪಿಕೊಂಡ ಹಣವನ್ನು ಬಣ್ಣ ಹಚ್ಚುವ ಮೊದಲೇ ಕೇಳಿದ್ದಕ್ಕೆ, ಬಟ್ಟೆ ಬದಲಿಸಲು ಮರೆಯಿರುವ ಜಾಗ ಬೇಕೆಂದದ್ದಕ್ಕೆ, ತಾಳ ತಪ್ಪಿದಾಗ ಹಾರ್ಮೋನಿಯಂ ಮೇಷ್ಟ್ರ ಕಡೆಗೆ ಕಣ್ಣು ಕೆಕ್ಕರಿಸಿದ್ದಕ್ಕೆ. ಇಂಥವೇ ಕಾರಣಗಳು.

ಆಕೆಯ ಕೆಲಸವನ್ನೊಮ್ಮೆ ಲೆಕ್ಕ ಹಾಕಿ ನೋಡೋಣ. ಊರಿನ ಪಾತ್ರಧಾರಿಗಳು ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಆಕೆಯಾದರೋ ಬಹುಮಟ್ಟಿಗೆ ಅಂದೇ ಸಂಜೆ ಬಸ್ಸಿಳಿದು ಬರುವವಳು. ಹಿಂದಿನ ರಾತ್ರಿ ಬೇರೊಂದು ಊರು, ಬೇರೊಬ್ಬ ಮೇಷ್ಟ್ರು, ಬೇರೆಯೇ ಶ್ರುತಿ. ಮಾತು, ಕಂದ, ಹಾಡು ಎಲ್ಲವೂ ಬಾಯಿಪಾಠವಾಗಿರಬೇಕು. ಎದುರಿನ ದುಶ್ಯಾಸನ ಮಾತು ಮರೆತರೆ ಜನಕ್ಕೆ ತಿಳಿಯದಂತೆ ಎತ್ತಿಕೊಡಬೇಕು. ಬೆಳಗಿನ ಜಾವದ ತನಕ ಗಂಟಲು ಉಳಿಯಬೇಕು. ಇಷ್ಟೆಲ್ಲ ಹೊಣೆ ಹೊತ್ತವಳು ಕೊಂಚ ಗಡುಸಾಗದೆ ಇರಲು ಸಾಧ್ಯವೆ?

ಈ ದೂರು ನಮ್ಮ ಸೀಮೆಯದು ಮಾತ್ರವಲ್ಲ. ‘ಜೋರಿನ ನಟಿ’ಯ ಕಥೆಯನ್ನು ಸಿನಿಮಾ ಜಗತ್ತು ಬಹಳ ಹಿಂದೆಯೇ ಸರಕಾಗಿಸಿಕೊಂಡಿತು. 1953ರಲ್ಲಿ ಹಾಲಿವುಡ್‌ನ ಎಂಜಿಎಂ ಸಂಸ್ಥೆ ‘ಟಾರ್ಚ್ ಸಾಂಗ್’ ಎಂಬ ಸಂಗೀತಮಯ ಪ್ರೇಮಚಿತ್ರ ತಯಾರಿಸಿತು. ನಿರ್ದೇಶಕ ಚಾರ್ಲ್ಸ್ ವಾಲ್ಟರ್ಸ್. ಹತ್ತು ವರ್ಷಗಳ ಹಿಂದೆ ಅದೇ ಸಂಸ್ಥೆ ಬಿಟ್ಟು ಹೋಗಿದ್ದ ಜೋನ್ ಕ್ರಾಫರ್ಡ್ ಇದರ ನಾಯಕಿಯಾಗಿ ಮರಳಿ ಬಂದರು. ಬಣ್ಣದ ಪೂರ್ಣಪ್ರಮಾಣದ ಚಿತ್ರದಲ್ಲಿ ಅವರು ನಾಯಕಿಯಾದದ್ದು ಇದರಲ್ಲೇ ಮೊದಲು.

ಕಥೆಯ ಜೆನ್ನಿ ಸ್ಟುವರ್ಟ್ ನ್ಯೂಯಾರ್ಕಿನ ರಂಗತಾರೆ. ತಾಲೀಮಿನಲ್ಲಿ ಅವಳ ಬಾಯಿಗೆ ಸಿಕ್ಕವರು ಪಾರಾಗುವಂತಿಲ್ಲ. ಜೊತೆಯ ನರ್ತಕ ಅವಳ ಕಾಲಿಗೆ ಎಡವಿದರೂ ರಂಪ. ಅಂಥವಳ ಮುಂದೆ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಪಿಯಾನೋ ವಾದಕನೊಬ್ಬ ಬಂದು, ನೀನು ಹಾಡುತ್ತಿರುವುದು ಸರಿಯಿಲ್ಲ ಎಂದು ನೇರವಾಗಿ ಹೇಳುತ್ತಾನೆ. ಮೈಕೆಲ್ ವೈಲ್ಡಿಂಗ್ ಆ ಪಾತ್ರಧಾರಿ. ಕಣ್ಣಿದ್ದ ಕಾಲದಲ್ಲೇ ಅವನು ತನ್ನನ್ನು ಕಂಡು ಮೆಚ್ಚಿದ್ದನೆಂದು ತಿಳಿದಾಗ ಜೆನ್ನಿಯ ಬಿಗುಮಾನ ಕರಗುತ್ತದೆ. ಅಪ್ಪುಗೆಯೊಂದಿಗೆ ಶುಭಂ.

ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವಳ ಗಡಸುತನ ಒಂಟಿತನದಿಂದ ಬಂದ ಕಾಯಿಲೆ, ಪ್ರೇಮವೇ ಅದಕ್ಕೆ ಮದ್ದು ಎಂಬುದು ಚಿತ್ರದ ತೀರ್ಮಾನ. ಪ್ರದರ್ಶನ ಕೆಟ್ಟರೆ ಜನ ಬೈಯುವುದು ತನ್ನನ್ನೇ ಎಂಬ ಅವಳ ಭಯಕ್ಕೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ. ಇನ್ನೊಂದು ತಮಾಷೆಯೆಂದರೆ, ತೆರೆಯ ಮೇಲಿನ ಈ ಮಹಾ ಗಾಯಕಿಯ ಹಾಡುಗಳಿಗೆ ಕಂಠ ಕೊಟ್ಟವರು ಇಂಡಿಯಾ ಆಡಮ್ಸ್ ಎಂಬ ಬೇರೊಬ್ಬ ಗಾಯಕಿ!

ನಮ್ಮ ಕಂಪನಿ ನಾಟಕಗಳಲ್ಲಿ ಇಂಥ ಸೌಲಭ್ಯವಿರಲಿಲ್ಲ. ಹಾಡುವವರೂ ಅವರೇ, ಆಡುವವರೂ ಅವರೇ.

ಕಂಪನಿ ಎಂದಕೂಡಲೇ ತುಮಕೂರು ಜಿಲ್ಲೆಯವರಿಗೆ ನೆನಪಾಗುವುದು ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕೈಯಲ್ಲಿ ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸಿ ಅವರು. ನಮ್ಮ ಹಳ್ಳಿಗಳ ಇಂದಿನ ಕುರುಕ್ಷೇತ್ರದ ಹುಚ್ಚಿನ ಹಿಂದೆ ಆ ವೈಭವದ ನೆನಪಿದೆ ಎಂದರೆ ತಪ್ಪಾಗಲಾರದು.

ಅದಕ್ಕಿಂತ ದೊಡ್ಡ ಸಾಹಸ ಮತ್ತೊಂದು. ಗಂಡಸರೇ ಸೀರೆಯುಟ್ಟು ಹೆಣ್ಣಾಗುತ್ತಿದ್ದ ಕಾಲದಲ್ಲಿ ಸ್ತ್ರೀಪಾತ್ರಗಳಿಗೆ ಹೆಣ್ಣುಮಕ್ಕಳನ್ನೇ ನಿಲ್ಲಿಸಿದವರಲ್ಲಿ ವೀರಣ್ಣ ಪ್ರಮುಖರು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಅವರಂಥ ನಟಿಯರು ಬೆಳೆದದ್ದು ಈ ಕಂಪನಿಯಲ್ಲೇ. ವೀರಣ್ಣನವರ ಪತ್ನಿಯೂ ಆದ ಜಯಮ್ಮ ಮುಂದೆ ಸಿನಿಮಾದಲ್ಲೂ ಹೆಸರು ಮಾಡಿದರು. 1945ರ ‘ಹೇಮರೆಡ್ಡಿ ಮಲ್ಲಮ್ಮ’ದಲ್ಲಿ ಮಲ್ಲಮ್ಮನ ಪಾತ್ರ ಅವರದೇ.

ಇಲ್ಲೊಂದು ವಿಚಿತ್ರವಿದೆ. ರಂಗದ ಮೇಲೆ ಧ್ವನಿವರ್ಧಕದ ಹಂಗಿಲ್ಲದೆ ಕೊನೆಯ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಕೇಳುವಂತೆ ಹಾಡಬೇಕಿದ್ದ ಹೆಣ್ಣುಮಕ್ಕಳಿಂದ ಸಿನಿಮಾ ಬಯಸಿದ್ದು ಮಲ್ಲಮ್ಮನ ತಾಳ್ಮೆಯನ್ನು. ಅತ್ತೆ, ನಾದಿನಿಯರ ಕಾಟವನ್ನು ತುಟಿಪಿಟಕ್ಕೆನ್ನದೆ ಸಹಿಸಿದ ಸಾಧ್ವಿಯನ್ನು ಜನ ಕೈಮುಗಿದು ನೋಡಿದರು. ಸಹಿಸದವಳಿಗೆ ಕಥೆಯಲ್ಲಿ ಸಿಕ್ಕ ಜಾಗವೇ ಬೇರೆ.

ಆ ಜಾಗ ಯಾವುದೆಂದು ತಿಳಿಯಲು ಪುಟ್ಟಣ್ಣ ಕಣಗಾಲ್ ಅವರ ‘ರಂಗನಾಯಕಿ’ಯನ್ನು ನೋಡಬೇಕು. ಅಶ್ವತ್ಥರ ಕಾದಂಬರಿ ಆಧರಿಸಿ 1981ರಲ್ಲಿ ಬಂದ ಚಿತ್ರ. ನಾಟಕ ಕಂಪನಿಯ ನಾಯಕಿ (ಆರತಿ) ಸಿರಿವಂತನೊಬ್ಬನನ್ನು ಮದುವೆಯಾಗಿ ರಂಗ ಬಿಡುತ್ತಾಳೆ. ಕಷ್ಟಕ್ಕೆ ಸಿಕ್ಕಿದ ತನ್ನ ಕಂಪನಿಯವರಿಗಾಗಿ ಮತ್ತೆ ಬಣ್ಣ ಹಚ್ಚುತ್ತಾಳೆ. ಅದೇ ಅಪರಾಧವಾಗಿ ಗಂಡ ದೂರವಾಗುತ್ತಾನೆ, ಮಗನೂ ಕೈತಪ್ಪುತ್ತಾನೆ. ವರ್ಷಗಳ ನಂತರ ಆಕೆ ಖ್ಯಾತ ಚಿತ್ರತಾರೆ. ತಾಯಿಯೆಂದು ಅರಿಯದ ಮಗನೇ ಅವಳಲ್ಲಿ ಅನುರಕ್ತನಾಗುವುದು ಕಥೆಯ ದುರಂತ.

ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಸ್ಪಷ್ಟ. ಅಮೆರಿಕದ ಜೆನ್ನಿಗೆ ಗಂಡಿನ ಪ್ರೀತಿ ಬಹುಮಾನ. ನಮ್ಮ ರಂಗನಾಯಕಿಗೆ ಸಂಸಾರ ಕಳೆದುಕೊಳ್ಳುವ ಶಿಕ್ಷೆ. ಆದರೆ ಪುಟ್ಟಣ್ಣನವರ ಚಿತ್ರ ಒಂದು ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ತಪ್ಪು ಅವಳ ಸ್ವಭಾವದ್ದಲ್ಲ, ಅವಳ ದುಡಿಮೆಯನ್ನು ಮೆಚ್ಚಿ ಮದುವೆಯಾಗಿ ಆ ದುಡಿಮೆಗೇ ನಾಚುವ ಮನೆಯದು ಎಂದು ಅದು ತೋರಿಸುತ್ತದೆ.

ಹಾಗಾದರೆ ನಿಜ ಬದುಕಿನಲ್ಲಿ ಮೂರನೆಯ ದಾರಿ ಇರಲಿಲ್ಲವೆ? ಇತ್ತು. ವೃತ್ತಿ ಕಂಪನಿಗಳಲ್ಲಿ ಪಳಗಿದ ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ‘ಸ್ತ್ರೀ ನಾಟಕ ಮಂಡಳಿ’ಯನ್ನೇ ಕಟ್ಟಿದರು. ಅದರಲ್ಲಿ ಗಂಡು ಪಾತ್ರಗಳೂ ಹೆಂಗಸರವೇ. ಕಂಸ, ರಾವಣ, ದುರ್ಯೋಧನರಾಗಿ ನಾಗರತ್ನಮ್ಮ ಗುಡುಗಿದರೆ ಪ್ರೇಕ್ಷಕರು ಶಿಳ್ಳೆ ಹೊಡೆಯುತ್ತಿದ್ದರು. ಗದೆ ಹಿಡಿದು ಅಬ್ಬರಿಸುವ ಹೆಣ್ಣನ್ನು ಕಂಡು ‘ಬಲು ಜೋರು’ ಎಂದರೆ ಅದು ದೂರಲ್ಲ, ಮೆಚ್ಚುಗೆ! ಯಾರನ್ನು ತಂಡಕ್ಕೆ ತೆಗೆದುಕೊಳ್ಳಬೇಕು, ಯಾವ ನಾಟಕ ಆಡಬೇಕು ಎಂಬುದನ್ನು ಆಕೆ ತಾನೇ ನಿರ್ಧರಿಸುವ ಹಾಗಾಯಿತು. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಎಲ್ಲ ಕಲಾವಿದೆಯರಿಗೂ ಸ್ವಂತ ಮಂಡಳಿ ಕಟ್ಟುವ ಅನುಕೂಲ ಎಲ್ಲಿಂದ ಬರಬೇಕು? ಹೆಚ್ಚಿನವರದು ಋತುವಿನ ದುಡಿಮೆ. ಮಳೆಗಾಲದಲ್ಲಿ ನಾಟಕ ಕಡಿಮೆ, ಹಾಗೆಂದು ಮನೆಯ ಖರ್ಚು ಕಡಿಮೆಯಾಗುವುದಿಲ್ಲ. ಒಂದು ರಾತ್ರಿಯ ಹಣ ಬಾಕಿ ಉಳಿದರೆ ಅದನ್ನು ವಸೂಲು ಮಾಡಲು ಮತ್ತೊಮ್ಮೆ ಅದೇ ಊರಿಗೆ ಬಸ್ ಹತ್ತಬೇಕು. ಮೊದಲೇ ಹಣ ಕೇಳುವ ‘ದರ್ಪ’ದ ಹಿಂದಿರುವುದು ಈ ಸರಳ ಲೆಕ್ಕ.

ನಾವು ಮೆಚ್ಚುವ ಮಹಾಭಾರತದಲ್ಲೇ ಒಬ್ಬ ಹಠಮಾರಿ ಹೆಣ್ಣಿದ್ದಾಳೆ. ತುಂಬಿದ ಸಭೆಯಲ್ಲಿ ಹಿರಿಯರನ್ನೇ ಪ್ರಶ್ನಿಸಿದವಳು, ಸೇಡು ತೀರುವ ತನಕ ಮುಡಿ ಕಟ್ಟೆನೆಂದವಳು. ಆ ಮಾತನ್ನು ದ್ರೌಪದಿ ರಂಗದ ಮೇಲೆ ಆಡಿದಾಗ ಇಡೀ ಊರು ಚಪ್ಪಾಳೆ ತಟ್ಟುತ್ತದೆ, ನೋಟು ಮುಯ್ಯಿ ಮಾಡುತ್ತದೆ. ಅದೇ ಹೆಂಗಸು ಪರದೆಯ ಹಿಂದೆ ತನ್ನ ಕೂಲಿಯನ್ನು ಅಷ್ಟೇ ಗಟ್ಟಿಯಾಗಿ ಕೇಳಿದರೆ ಮಾತ್ರ ನಮಗೆ ಇರಿಸುಮುರಿಸು.

ಬೆಳಗಿನ ಜಾವ ನಾಟಕ ಮುಗಿದು ಭೀಮ, ದುರ್ಯೋಧನರು ಮನೆಗೆ ಹೋಗಿ ಮಲಗುತ್ತಾರೆ. ದ್ರೌಪದಿ ಮುಖದ ಬಣ್ಣ ಒರೆಸಿಕೊಂಡು, ಪೆಟ್ಟಿಗೆ ಹಿಡಿದು, ಕಳ್ಳಂಬೆಳ್ಳದ ಹೆದ್ದಾರಿಯಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಾಳೆ. ರಾತ್ರಿಗೆ ಬೇರೆ ಊರಿನಲ್ಲಿ ಮತ್ತೆ ಹಾಡಬೇಕು.